ಎರಡು ಬಕೆಟ್ ನೀರು

ವಿಮಾನ ಹಾರಿಸಲು ಕಲಿಸುವ ಶಾಲೆಯ ಅಡುಗೆಮನೆಗೆ ನಾನು ಸೇರಿದ್ದು ಗಂಡ ಸತ್ತ ತಿಂಗಳಿಗೇ. ಇಪ್ಪತ್ತು ವರ್ಷವಾಯಿತು. ಆನೆಯಂಥ ಹಂಡೆಗಳನ್ನು ಒಂದೇ ಕೈಯಲ್ಲಿ ಒಲೆಯಿಂದ ಇಳಿಸಿದವಳು ನಾನು. ನಂಬದವರು ಹಂಡೆಯನ್ನೇ ಕೇಳಲಿ.

ಇಲ್ಲೊಂದು ಪದ್ಧತಿ ಇದೆ. ಮೊದಲ ಸಲ ಒಬ್ಬರೇ ಹಾರಿ ಇಳಿದವರ ತಲೆಗೆ ಒಂದು ಬಕೆಟ್ ತಣ್ಣೀರು ಸುರಿಯಬೇಕು. ತುಂಬಿಡುವ ಕೆಲಸ ನನ್ನದು. ಆ ಬೆಳಿಗ್ಗೆ ಎರಡು ತುಂಬಿದ್ದೆ. ಒಂದು ನನ್ನ ಮೊಮ್ಮಗಳಿಗೆ, ಇನ್ನೊಂದು ಅವಳ ಜೊತೆ ಕಲಿಯುತ್ತಿದ್ದ ಹುಡುಗನಿಗೆ. ಅವನು ಎಷ್ಟು ಉದ್ದವೆಂದರೆ ಮೋಡಕ್ಕೆ ತಲೆ ತಾಗೀತೆಂದು ಬಗ್ಗಿ ನಡೆಯುತ್ತಿದ್ದ. ಬಿದಿರುಗಳ ಎಂದೇ ಕರೆಯುತ್ತಿದ್ದೆ.

"ಅಜ್ಜೀ, ನಂದು ಸ್ವಲ್ಪ ಬೆಚ್ಚಗಿರ್ಲಿ," ಅಂದ.

"ಯಾಕಪ್ಪಾ, ಬಾಣಂತಿನಾ ನೀನು? ಮೊದ್ಲು ಇಳ್ದು ಬಾ."

ಮೊಮ್ಮಗಳು ಹಾರಿದ ಐದು ನಿಮಿಷಕ್ಕೆ ಅವನೂ ಹೊರಟ. ಬೇಲಿ ದಾಟುತ್ತಿದ್ದಂತೆ ಇಂಜಿನ್ ಕೆಮ್ಮಿ ನಿಂತಿತು. ರೆಕ್ಕೆ ವಾಲಿತು. ವಿಮಾನ ಮೂಗು ಕೆಳಗಾಗಿ ಆಚೆಯ ಹೊಲಕ್ಕೆ ಬಿತ್ತು, ಹೊಗೆ ಎದ್ದಿತು. ಮೇಲಿದ್ದ ಮೊಮ್ಮಗಳು ಎಲ್ಲವನ್ನೂ ನೋಡಿದಳು.

ಆಮೇಲೆ ಅವಳು ಇಳಿಯಲೇ ಇಲ್ಲ. ನಮ್ಮ ತಲೆಯ ಮೇಲೇ ಸುತ್ತಿದಳು, ಮತ್ತೆ ಸುತ್ತಿದಳು. ಹಾರಾಟ ಕಲಿಸುವ ಮೇಷ್ಟ್ರು ರೇಡಿಯೋದಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಉತ್ತರವಿಲ್ಲ. ಕೊನೆಗೆ ನನ್ನನ್ನು ಕರೆಸಿದರು.

"ಅಮ್ಮಾ, ಇನ್ನು ಅರ್ಧ ಗಂಟೆಗಾಗೋಷ್ಟೇ ಪೆಟ್ರೋಲ್ ಇರೋದು. ನಿಮ್ ಮಾತು ಕೇಳ್ತಾಳೇನೋ ನೋಡಿ. ಈ ಗುಂಡಿ ಒತ್ತಿ ಮಾತಾಡಿ."

ಒತ್ತಿದೆ.

"ಲೇ ಗುಬ್ಬೀ! ಅಲ್ಲೇನು ಮೊಟ್ಟೆ ಇಡ್ತಿದ್ದೀಯಾ? ಇಳಿಯೇ ಕೆಳಗೆ! ಹಾಸಿಗೆ ಮಡಚದೆ ಹೋಗಿದ್ದೀಯ, ಅದನ್ನ ನಾನು ಮಡಚ್ಬೇಕಾ? ನಿಮ್ಮಮ್ಮ ಹೋದಾಗ ಇಷ್ಟೇ ಇಷ್ಟಿದ್ದೆ ನೀನು. ಸಾವಿರ ರಾತ್ರಿ ನಿದ್ದೆಗೆಟ್ಟು ಸಾಕಿದ್ದು ಇದಕ್ಕಾ? ಮಾತಾಡೇ! ಒಂದ್ಸಲ ಅಜ್ಜೀ ಅನ್ನು, ಸಾಕು. ನನ್ ಬಂಗಾರ, ಒಂದ್ಸಲ..."

ಮೇಷ್ಟ್ರು ಕಿಟಕಿಯಲ್ಲಿ ಆಕಾಶ ನೋಡುತ್ತಿದ್ದರು. ನಾನು ಬೈದೆ, ಬೇಡಿಕೊಂಡೆ, ಅತ್ತೆ. ಮೇಲಿನಿಂದ ಒಂದು ಚಕಾರವಿಲ್ಲ. ನನ್ನ ಗುಬ್ಬಿ ನನಗಿಲ್ಲ ಎಂದು ಅಲ್ಲೇ ಕುಸಿದೆ. ಆಗ ಮೇಷ್ಟ್ರು ತಿರುಗಿ ನನ್ನ ಕೈ ನೋಡಿದರು.

"ಅಯ್ಯೋ, ಬೆರಳು ತೆಗೀರಿ! ಒತ್ತಿ ಹಿಡ್ಕೊಂಡಿದ್ರೆ ಅವಳ ಮಾತು ನಮಗೆ ಬರಲ್ಲ!"

ಬೆರಳು ಮರಗಟ್ಟಿತ್ತು. ಅವರೇ ಬಿಡಿಸಿದರು. ಗರಗರ ಸದ್ದು. ಅದರೊಳಗಿಂದ ಸಣ್ಣ ದನಿ.

"...ಅಜ್ಜೀ, ಕೇಳಿಸ್ತಿದೆ ಅಂತ ಎಷ್ಟ್ ಸಲ ಹೇಳ್ಲಿ? ನೀನು ಬಾಯ್ಮುಚ್ಚಿದ್ರೆ ತಾನೇ? ಒಬ್ಳೇ ಇಳಿಸೋಕಾಗ್ತಿಲ್ಲ. ಸರ್‌ಗೆ ಕೊಡು."

ಮೇಷ್ಟ್ರು ಒಂದೊಂದೇ ಮಾತು ಹೇಳಿ, ಗುಂಡಿ ಬಿಟ್ಟು, ಕೇಳಿ, ಮತ್ತೆ ಹೇಳಿದರು. ವಿಮಾನ ಮೂರು ಸಲ ಪುಟಿದು ನಿಂತಿತು.

ಅವಳು ನಡೆದು ಬಂದು ಬಕೆಟ್‌ಗಳ ಮುಂದೆ ನಿಂತಳು. ಹೊಲದ ಕಡೆಯಿಂದ ಆಂಬುಲೆನ್ಸ್ ಸೈರನ್ ಇಲ್ಲದೆ, ಅವಸರವಿಲ್ಲದೆ ಬರುತ್ತಿತ್ತು. ಅವಳೂ ನೋಡಿದಳು.

ಅವಳ ನೀರನ್ನು ಅವಳ ತಲೆಗೆ ಸುರಿದೆ.

"ಅವನದ್ದೂ ನನ್ ಮೇಲೇ ಸುರಿ, ಅಜ್ಜೀ."

ಬಗ್ಗಿ ಹಿಡಿದೆ. ಆನೆಯಂಥ ಹಂಡೆ ಇಳಿಸಿದ ಕೈಗೆ ಆ ಬಕೆಟ್ ಏಳಲಿಲ್ಲ. ಬೆರಳು ನೀರಿಗೆ ತಾಗಿತು. ಅವನಿಗೆ ಗೊತ್ತಾಗದ ಹಾಗೆ ಬಿಸಿನೀರು ಬೆರೆಸಿಟ್ಟಿದ್ದೆ. ಇನ್ನೂ ಬೆಚ್ಚಗಿತ್ತು.