ಮೂಗಿನ ಮೇಸ್ತ್ರಿ

ನೊರೆ ಬರುತ್ತಿದೆ, ಚೆನ್ನಾಗಿಯೇ ಬರುತ್ತಿದೆ, ಆದರೆ ಈ ಸೋಪಿಗೆ ವಾಸನೆಯೇ ಇಲ್ಲವಲ್ಲ — ಮಾಲೀಕ ಸೋಪಿನಲ್ಲೂ ಜಿಪುಣತನ ಮಾಡಿದನೇ ಎಂದುಕೊಂಡು ಬಣ್ಣದ ಕಾರ್ಖಾನೆಯ ಉಗ್ರಾಣದ ಮೇಸ್ತ್ರಿ ಮಹಡಿಯ ನಲ್ಲಿಯ ಹತ್ತಿರ ನಿಂತು ಅಂಗೈಯನ್ನು ಮೂಗಿಗೆ ಒತ್ತಿಕೊಂಡ, ಏನೂ ಇಲ್ಲ, ಪಕ್ಕದಲ್ಲೇ ಕೈಯ ಬಣ್ಣ ತೆಗೆಯಲು ಇಟ್ಟ ಘಾಟು ವಾಸನೆಯ ಟಾಲ್ಯೂಯಿನ್ ಡಬ್ಬಿ, ಮುಚ್ಚಳ ತೆಗೆದ, ಬಗ್ಗಿದ, ಇನ್ನೂ ಬಗ್ಗಿದ, ಕಣ್ಣು ಉರಿಯಿತು, ಮೂಗಿಗೆ ಏನೂ ಇಲ್ಲ, ಇಪ್ಪತ್ತೆರಡು ವರ್ಷ ಈ ಮಹಾರಾಯನ ಸಹವಾಸ, ಗೇಟಿನಲ್ಲಿ ನಿಂತೇ ಇದು ಟಾಲ್ಯೂಯಿನ್, ಅದು ಟರ್ಪೆಂಟೈನ್ ಎಂದು ಹೇಳುತ್ತಿದ್ದ ಮೂಗು, ಮೂಗಿನ ಮೇಸ್ತ್ರಿ ಎಂದೇ ಎಲ್ಲರೂ ಕರೆಯುವುದು, ಆವಿ ಅಳೆಯುವ ಮೀಟರ್ ಕೆಟ್ಟು ಕಪಾಟು ಸೇರಿದ ಮೇಲೆ ಯಾರೂ ಹೊಸದು ಕೇಳಲಿಲ್ಲ, ಪೀಪಾಯಿ ಕತ್ತರಿಸುವ ಮುನ್ನ ಮೇಸ್ತ್ರಿ ಮೂಸಿ ಖಾಲಿ ಎಂದರೆ ಖಾಲಿ, ಅದೇ ಇಲ್ಲಿಯ ಕಾನೂನು. ಹೋದ ವಾರ ಹಾಲು ತಳ ಹತ್ತಿದಾಗ ಹೆಂಡತಿ ಓಡಿಬಂದಿದ್ದಳು, ಒಲೆ ಪಕ್ಕದಲ್ಲೇ ಕೂತಿದ್ದೀರಲ್ಲ, ಸೀದ ವಾಸ್ನೆ ಬರ್ಲಿಲ್ವಾ, ನೆಗಡಿ ಕಣೇ ಎಂದಿದ್ದ, ನೆಗಡಿ ಇರಲಿಲ್ಲ, ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಮೂಗು ಹೋದರೆ ಮೂಗಿನ ಮೇಸ್ತ್ರಿಗೆ ಉಳಿಯುವುದು ಬರೀ ಮೀಸೆ.

ಹಾಗಾದರೆ ಈಗ ತಾನೇ — ಅಯ್ಯೋ — ಐದು ನಿಮಿಷವೂ ಆಗಿಲ್ಲ, ಕೆಳಗೆ ಅಂಗಳದಲ್ಲಿ ವೆಲ್ಡರ್, ತಂಗಿಯ ಗಂಡ, ತಾನೇ ಹೇಳಿ ಕೇಳಿ ಕೆಲಸಕ್ಕೆ ಸೇರಿಸಿದವನು, ಭಾವ ಈ ಪೀಪಾಯಿ ಸ್ವಲ್ಪ ನೋಡ್ಬಿಡಿ, ಅರ್ಧಕ್ಕೆ ಕತ್ತರ್ಸಿ ತೊಟ್ಟಿ ಮಾಡ್ಬೇಕಂತೆ, ನಿಮ್ಮ ಮೂಗಿಗೊಂದು ಮೂಗುತಿ ಹಾಕಿಸ್ಬೇಕು ಭಾವ, ಇವನು ಪೀಪಾಯಿಯ ಬಾಯಿಗೆ ಮೂಗಿಟ್ಟು, ಗತ್ತಿನಿಂದ, ಖಾಲಿ ಕಣಯ್ಯ, ಶುರು ಮಾಡು, ಎಂದು ಬೆನ್ನು ತಟ್ಟಿ ಮೇಲೆ ಬಂದಿದ್ದ, ದೇವರೇ, ಬರಿದಾಗಿದ್ದದ್ದು ಪೀಪಾಯಿಯೋ ತನ್ನ ಮೂಗೋ, ತಳದಲ್ಲಿ ಒಂದು ಲೋಟ ಟಾಲ್ಯೂಯಿನ್ ಉಳಿದಿದ್ದರೂ ಸಾಕು, ಒಳಗೆಲ್ಲ ಆವಿ, ಬೆಂಕಿ ತಾಗಿದರೆ ಪೀಪಾಯಿಯೂ ಇಲ್ಲ, ಮನುಷ್ಯನೂ ಇಲ್ಲ — ಇನ್ನೇನು ಹಚ್ಚುತ್ತಾನೆ, ನೀಲಿ ಜ್ವಾಲೆ, ಬೆರಳುದ್ದ — ಮೆಟ್ಟಿಲು ಕಟ್ಟಡದ ಆ ತುದಿಯಲ್ಲಿ, ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಕಿಟಕಿ, ಗಾಜು ಗೋಡೆಗೇ ಕೂರಿಸಿದ್ದು, ತೆಗೆಯಲು ಬರುವುದಿಲ್ಲ, ಗುದ್ದಿದ, ಎರಡೂ ಮುಷ್ಟಿಯಿಂದ ಗುದ್ದಿದ, ಬೇಡ ಕಣೋ, ಬೇಡ, ಕೆಳಗೆ ಬಣ್ಣ ಅರೆಯುವ ಯಂತ್ರಗಳ ಅಬ್ಬರ, ಯಾವ ದೇವರಿಗೆ ಕೇಳೀತು, ಅಣ್ಣಾ, ಅವರಿಗೆ ಅವಸರ ಜಾಸ್ತಿ, ನೀನೇ ನೋಡ್ಕೋಬೇಕು, ತಂಗಿ ಹೇಳಿದ್ದಳು, ನೋಡುತ್ತಲೇ ಇದ್ದೇನಲ್ಲ ತಾಯಿ, ನೋಡುವುದೊಂದೇ ಆಗುತ್ತಿರುವುದು, ಅಗೋ ತಲೆ ಎತ್ತಿದ, ಕಂಡ, ಭಾವನನ್ನು ಕಂಡು ನಕ್ಕ, ಕೈ ಬೀಸಿದ, ಮುಖಕ್ಕೆ ಮುಖವಾಡ ಎಳೆದುಕೊಂಡ, ಬಗ್ಗಿದ, ಗ್ಯಾಸ್ ಕಟರ್‌ನ ಬಾಯಿಗೆ ಹಿಡಿದ ಲೈಟರ್ ಚಟಕ್ಕೆಂದಿರಬೇಕು, ಕೇಳಿಸಲಿಲ್ಲ, ನೀಲಿ ಜ್ವಾಲೆ, ಬೆರಳುದ್ದ, ಪೀಪಾಯಿಯ ಕಡೆಗೆ ಬಾಗುತ್ತಿದೆ, ಬೆರಳುದ್ದ, ನೀಲಿ