ಬೇಕಂತಲೇ ಸುರಿದ ನೀರು

ಗಡಿಯಾರ ರಿಪೇರಿಯವನಿಗೆ ತನ್ನ ಟೊಮೆಟೊ ಗಿಡಗಳ ಮೇಲಿದ್ದ ಜಂಬ ಅಷ್ಟಿಷ್ಟಲ್ಲ. ತಾರಸಿಯ ಮೇಲೆ ಆರು ದೊಡ್ಡ ನೀಲಿ ಟಬ್ಬು, ಬೆಳಿಗ್ಗೆ ಸಂಜೆ ತಪ್ಪದೆ ನೀರು, ವಾರಕ್ಕೊಂದು ಮುಷ್ಟಿ ಗೊಬ್ಬರ. ಹಣ್ಣುಗಳೋ, ಒಂದೊಂದೂ ಅಂಗೈ ತುಂಬುವಷ್ಟು. ಅಂಗಡಿಗೆ ವಾಚಿನ ಸೆಲ್ ಹಾಕಿಸಲು ಬಂದವರೂ ಅವುಗಳ ಫೋಟೊ ನೋಡದೆ ಹೋಗುವಂತಿರಲಿಲ್ಲ.

ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ ಸಿಸ್ಟರಮ್ಮನ ಗಿಡಗಳಿದ್ದವು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅವರನ್ನು ಕಟ್ಟಡದವರೆಲ್ಲ ಕರೆಯುತ್ತಿದ್ದುದೇ ಹಾಗೆ. ತಳಕ್ಕೆ ತೂತು ಕೊರೆದ ನಾಲ್ಕು ಹಳೇ ಪೇಂಟ್ ಡಬ್ಬ, ಅದರಲ್ಲಿ ಸಣಕಲು ಗಿಡ, ನಿಂಬೆಹಣ್ಣಿಗಿಂತ ಚಿಕ್ಕ ಹಣ್ಣು. ಅವನಿಗೆ ನೋಡಿದಾಗಲೆಲ್ಲ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಒಂದು ಭಾನುವಾರ ಭಾವ ಊಟಕ್ಕೆ ಬಂದ. ಹೆಂಡತಿ ತಮ್ಮ ಹಣ್ಣನ್ನೂ ಸಿಸ್ಟರಮ್ಮ ಕೊಟ್ಟಿದ್ದ ಹಣ್ಣನ್ನೂ ಹೆಚ್ಚಿ ಒಂದೇ ತಟ್ಟೆಯಲ್ಲಿಟ್ಟಳು.

"ಈ ಚಿಕ್ಕದು ಯಾರದ್ದು? ಟೊಮೆಟೊ ಅಂದ್ರೆ ಇದು!" ಎಂದ ಭಾವ. "ಆ ದೊಡ್ಡದು ತಿಂದ್ರೆ ಬಾಯಿ ಮುಕ್ಕಳಿಸಿದ ಹಾಗಾಯ್ತು."

ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ, ಆದರೆ ಮುಖ ಹುಳ್ಳಗಾಗಿತ್ತು.

ಮುಂದಿನ ವಾರವೇ ಸಿಸ್ಟರಮ್ಮ ಅವನ ಬಾಗಿಲು ತಟ್ಟಿದರು. ಬಸುರಿ ಮಗಳನ್ನು ಕರೆತರಲು ಹೊರಟಿದ್ದರು, ಬರುವುದು ಹತ್ತು ದಿನವಾಗುತ್ತದೆ. "ಎರಡು ದಿನಕ್ಕೊಂದು ಸಲ ಡಬ್ಬಕ್ಕೊಂದು ಚೊಂಬು ನೀರು ಹಾಕಪ್ಪ, ಅಷ್ಟೇ ಸಾಕು. ಮಧ್ಯಾಹ್ನ ಎಲೆ ಜೋಲುಬಿದ್ದರೆ ಮನಸ್ಸು ಕರಗಿ ಜಾಸ್ತಿ ಹಾಕಿಬಿಡಬೇಡ. ಹಣ್ಣು ಕೆಂಪಾಗೋ ಹೊತ್ತಲ್ಲಿ ಗಿಡ ಸ್ವಲ್ಪ ಬಾಯಾರಬೇಕು, ಆಗಲೇ ರುಚಿ ಕಟ್ಟೋದು. ನನ್ನ ಮಗಳಿಗೆ ಈಗ ಏನೂ ಬಾಯಿಗೆ ಹತ್ತಲ್ಲ, ಈ ಹಣ್ಣೊಂದೇ ಕೇಳ್ತಿದ್ದಾಳೆ."

ಗುಟ್ಟು ಇಷ್ಟೇ. ತನ್ನ ಟಬ್ಬುಗಳಿಗೆ ನೀರು ಕಡಿಮೆ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಮೊದಲ ದಿನ ಅವರು ಹೇಳಿದಷ್ಟೇ ಹಾಕಿದ. ಮೂರನೆಯ ದಿನ ಭಾವನ ಮಾತು ನೆನಪಾಗಿ ಬಿಂದಿಗೆ ಎತ್ತಿ ಅವರ ಡಬ್ಬಗಳ ತಳದಿಂದ ಸೋರುವವರೆಗೂ ಸುರಿದ. ಆಮೇಲೆ ದಿನಾ ಎರಡು ಹೊತ್ತು. ಪಾಪ, ಬಾಯಾರಿವೆ ಎಂದು ಮನಸ್ಸಿಗೆ ಹೇಳಿಕೊಂಡ, ಮನಸ್ಸೇನೂ ನಂಬಲಿಲ್ಲ.

ಎಂಟನೆಯ ದಿನ ಹಣ್ಣುಗಳು ತೊಟ್ಟಿನಿಂದ ಕೆಳಗೆ ಸೀಳಿಕೊಂಡು ನಿಂತಿದ್ದವು. ಒಂದನ್ನು ಕಚ್ಚಿದ. ಸಪ್ಪೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಬಿಂದಿಗೆ ಕೆಳಗಿಟ್ಟ. ಆದರೆ ಆಗುವುದೆಲ್ಲ ಆಗಿಹೋಗಿತ್ತು.

ಸಿಸ್ಟರಮ್ಮ ಬಂದವರೇ ಮಗಳೊಂದಿಗೆ ತಾರಸಿ ಹತ್ತಿದರು. ಅವನು ತನ್ನ ಗಿಡಗಳ ನಡುವೆ ತಲೆ ತಗ್ಗಿಸಿ ನಿಂತಿದ್ದ. ಅವರು ಡಬ್ಬದ ಮಣ್ಣಿಗೆ ಬೆರಳು ಚುಚ್ಚಿ ನೋಡಿದರು. ಮಗಳು ಒಡೆದ ಹಣ್ಣೊಂದನ್ನು ಕಿತ್ತು ತಿಂದಳು. ಎರಡು ಸಲ ಅಗಿದು, ಅವನ ಕಡೆ ನೋಡಿ, "ಚೆನ್ನಾಗಿದೆ ಅಣ್ಣ, ಪಾಪ ನಿಮಗೆ ತೊಂದರೆ ಕೊಟ್ವಿ" ಎಂದಳು.

ಆ 'ಅಣ್ಣ' ಎಂಬ ಮಾತಿಗೆ ಅವನು ನಾಚಿ ಹಿಡಿಯಾಗಿಬಿಟ್ಟ.

"ಸಿಸ್ಟರಮ್ಮ, ಬೇಕಂತಲೇ ಜಾಸ್ತಿ ನೀರು ಹಾಕಿದೆ. ಹೊಟ್ಟೆಕಿಚ್ಚು. ನಿಮ್ಮ ಹಣ್ಣು ಹಾಳಾಗಲಿ ಅಂತಾನೇ ಹಾಕಿದೆ."

ಮಗಳು ಅಗಿಯುವುದನ್ನು ನಿಲ್ಲಿಸಿದಳು. ಸಿಸ್ಟರಮ್ಮ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡರು. "ಮಾತ್ರೆ ನುಂಗದೆ ನುಂಗಿದೆ ಅನ್ನೋರನ್ನ ಮೂವತ್ತು ವರ್ಷ ನೋಡಿದೀನಪ್ಪ. ಮಣ್ಣು ಮುಟ್ಟಿದಾಗಲೇ ಗೊತ್ತಾಯ್ತು. ಒಪ್ಪಿಕೊಂಡೆ, ಒಳ್ಳೇದಾಯ್ತು. ಒಪ್ಪಿಕೊಂಡೆ ಅಂತ ಒಡೆದ ಹಣ್ಣು ಕೂಡಿಕೊಳ್ಳಲ್ಲ." ಮಗಳ ಕೈ ಹಿಡಿದು ಮೆಟ್ಟಿಲಿಳಿದರು.

ಆ ದಿನ ಹೆಂಡತಿಗೂ ಅವನೇ ಹೇಳಿದ. ಅವಳು ನಗಲಿಲ್ಲ. "ಬಸುರಿ ಹೆಂಗಸಿಗೆ ಅಂತ ಇಟ್ಟಿದ್ದರಲ್ರೀ" ಎಂದಳು, ಅಷ್ಟೇ.

ಅವನು ಗೊಬ್ಬರ ನಿಲ್ಲಿಸಿದ, ನೀರು ಹಾಕುವುದರಲ್ಲೂ ಕೈ ಬಿಗಿ ಹಿಡಿದ. ಮೂರು ವಾರದ ಮೇಲೆ ಹಣ್ಣು ಚಿಕ್ಕದಾಗಿ, ಸಿಪ್ಪೆ ದಪ್ಪವಾಗಿ, ತಿಂದರೆ ನಾಲಿಗೆ ಚುರ್ರೆನ್ನುವ ಹಾಗೆ ಬಂತು. ಬಟ್ಟಲು ತುಂಬ ಒಯ್ದ. ಮಗಳು ಬಾಗಿಲಲ್ಲೇ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದಳು. ಸಿಸ್ಟರಮ್ಮ ಬಟ್ಟಲು ತೊಳೆದು ಕೊಟ್ಟರು. "ಚೆನ್ನಾಗಿ ಬಂದಿದೆ" ಎಂದರು. ಒಳಗೆ ಬಾ ಅನ್ನಲಿಲ್ಲ.

ಮಗಳನ್ನು ಹೆರಿಗೆಗೆ ಸೇರಿಸಿದ ವಾರ ಡಬ್ಬಗಳಿಗೆ ನೀರು ಹಾಕಲು ಸಿಸ್ಟರಮ್ಮ ಅವನಿಗೆ ಹೇಳದೆ ಕೆಳಮನೆಯ ಟೈಲರಮ್ಮನಿಗೆ ಹೇಳಿದರು. ಅವಳು ತಾರಸಿಯ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಅವನು ತನ್ನ ಗಿಡಗಳ ಕೆಲಸ ಅರ್ಧಕ್ಕೆ ಬಿಟ್ಟು ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದ.