ಕೆಮ್ಮಿದರೆ ಚಪ್ಪಾಳೆ

ಕವಾಯತು ಕಲಿಸುವ ಹವಾಲ್ದಾರನಿಗೆ ಪಡೆಯಲ್ಲಿ ‘ಗುಡುಗಪ್ಪ’ ಎಂದೇ ಹೆಸರು. ಅವನ ದನಿಗೆ ಬೇಲಿಯ ಮೇಲಿನ ಕಾಗೆಗಳೂ ಸಾವಧಾನ್ ನಿಲ್ಲುತ್ತವೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಆ ಗಂಟಲೇ ಅವನಿಗೆ ಅನ್ನ ಹಾಕಿತ್ತು. ಈಗ ಗಂಟಲೂ ಸೋತಿತ್ತು, ಮಂಡಿಯೂ ಸೋತಿತ್ತು. ನಿವೃತ್ತಿಗೆ ಇನ್ನೆರಡೇ ತಿಂಗಳು. ಸನ್ನಡತೆ ಪತ್ರದಲ್ಲಿ ‘ಅತ್ಯುತ್ತಮ’ ಎಂಬ ಒಂದು ಮಾತು ಬಿದ್ದರೆ ಮನೆ ಹತ್ತಿರದ ಶಾಲೆಯಲ್ಲಿ ಡ್ರಿಲ್ ಮಾಸ್ತರನ ಕೆಲಸ ಕಾದಿತ್ತು.

ಅಷ್ಟರಲ್ಲಿ ಮೇಜರ್ ಸಾಹೇಬರು ಕರೆದರು.

"ನಾಳೆ ನಾಯಕರ ಸಭೆ. ಅವರ ಬೆನ್ನ ಹಿಂದೆ ನಮ್ಮೋರು ನಲವತ್ತು ಜನ, ಯೂನಿಫಾರ್ಮ್‌ನಲ್ಲಿ. ಮಧ್ಯೆ ಮಧ್ಯೆ ಚಪ್ಪಾಳೆ ಬೀಳ್ಬೇಕು. ತಾವಾಗೇ ತಟ್ಟಿದ ಹಾಗಿರ್ಬೇಕು."

"ಚುನಾವಣೆ ಸಭೆ ಅಲ್ವಾ ಸಾರ್? ನಾವು ಯಾವ ಪಕ್ಷದೋರೂ ಅಲ್ವಲ್ಲ."

"ಇನ್ನೆರಡು ತಿಂಗಳಿದೆ ನಿಂದು. ಬಾಯ್ಮುಚ್ಕೊಂಡು ಮುಗಿಸ್ಕೋ."

ತಾವಾಗೇ ತಟ್ಟುವುದನ್ನು ಕಲಿಸುವುದು ಹೇಗೆ? ಗುಡುಗಪ್ಪನಿಗೆ ಗೊತ್ತಿದ್ದುದು ಹುಕುಂ ಒಂದೇ. ವೇದಿಕೆಯ ಮೇಲೆ ಕೂಗುವಂತಿಲ್ಲ. ಹಾಗಾಗಿ ಕೆಮ್ಮನ್ನೇ ಹುಕುಂ ಮಾಡಿದ. ಮಧ್ಯಾಹ್ನವೆಲ್ಲ ಕೆಮ್ಮಿ ಕೆಮ್ಮಿ ಕಲಿಸಿದ. ನಲವತ್ತು ಜೋಡಿ ಕೈ ಒಂದೇ ಏಟಿಗೆ ಬೀಳುವ ಹೊತ್ತಿಗೆ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತ್ತು.

ಸಭೆಯಲ್ಲಿ ಬಿಸಿಲು, ಧೂಳು. ನಾಯಕರು ಎದುರು ಪಕ್ಷದವರ ಜನ್ಮ ಜಾಲಾಡಿದರು. ಅವರಿಗೆ ವೋಟು ಹಾಕುವವರೆಲ್ಲ ದೇಶದ್ರೋಹಿಗಳು ಎಂದರು. ಗುಡುಗಪ್ಪನ ಹೆಂಡತಿ ಮದುವೆಯಾದಾಗಿನಿಂದ ಅವರಿಗೇ ಹಾಕುತ್ತಿದ್ದಳು. ಸಾಲಿನಲ್ಲಿ ನಿಂತ ನಲವತ್ತು ಜನರ ಮನೆಗಳಲ್ಲಿ ಇನ್ನೆಷ್ಟು ಜನವೋ. ಮೇಜರ್ ಕಣ್ಸನ್ನೆ ಮಾಡಿದರು. ಗುಡುಗಪ್ಪ ಕೆಮ್ಮಲಿಲ್ಲ.

ಆದರೆ ಧೂಳು ಕೇಳಬೇಕಲ್ಲ! ಗಂಟಲಲ್ಲಿ ನಿಜವಾದ ಕೆಮ್ಮೇ ಎದ್ದಿತು. ಈಗ ಕೆಮ್ಮಿದರೆ ಕೆಟ್ಟೆ ಎಂದು ಹಲ್ಲು ಕಚ್ಚಿ ನಿಂತ. ಮುಖ ಕೆಂಪೇರಿತು, ಕಣ್ಣಿಂದ ದಳದಳ ನೀರಿಳಿಯಿತು. ಭಾಷಣ ಮುಗಿಯುವವರೆಗೂ ಸೈನಿಕರ ಸಾಲಿನಿಂದ ಒಂದು ಚಪ್ಪಾಳೆಯೂ ಬೀಳಲಿಲ್ಲ. ಶಾಲೆಯ ಕೆಲಸಕ್ಕೆ ಎಳ್ಳುನೀರು ಬಿಟ್ಟಂತಾಯಿತು ಎಂದುಕೊಂಡ. ದುಃಖವಾಯಿತು, ಆದರೂ ಅಂದು ಒಳ್ಳೆಯ ನಿದ್ದೆ ಬಂತು.

ಮರುದಿನ ಮೇಜರ್ ಪತ್ರಿಕೆ ಹಿಡಿದು ನಗುತ್ತಿದ್ದರು. ಮುಖಪುಟದಲ್ಲಿ ಗುಡುಗಪ್ಪನ ಒದ್ದೆ ಮುಖ. ಕೆಳಗೆ: ‘ನಾಯಕರ ಮಾತಿಗೆ ಕಣ್ಣೀರಿಟ್ಟ ಯೋಧ’.

"ಚಪ್ಪಾಳೆ ಯಾವನಿಗೆ ಬೇಕಯ್ಯಾ! ಅತ್ಯುತ್ತಮ ಅಂತ ಬರ್ದಿದೀನಿ, ತಗೋ."

"ಸಾರ್, ಅದು ಧೂಳು..."

"ಧೂಳೋ ಗೀಳೋ, ಫೋಟೋ ಚೆನ್ನಾಗಿ ಬಂದಿದೆ."

ಬೇಡ ಎನ್ನುವಷ್ಟು ತ್ರಾಣ ಗುಡುಗಪ್ಪನಲ್ಲಿ ಉಳಿದಿರಲಿಲ್ಲ. ಕೈ ತಾನಾಗೇ ಚಾಚಿಕೊಂಡಿತು. ಪತ್ರವನ್ನು ಜೇಬಿಗಿಟ್ಟು ಮೈದಾನಕ್ಕೆ ಬಂದ. ನಲವತ್ತು ಜನ ಸಾಲಾಗಿ ನಿಂತಿದ್ದರು. ಎಲ್ಲರೂ ಪತ್ರಿಕೆ ನೋಡಿದ್ದರು, ಯಾರೂ ಅವನ ಮುಖ ನೋಡಲಿಲ್ಲ. ನಿನ್ನೆಯ ಧೂಳು ಇನ್ನೂ ಗಂಟಲಲ್ಲೇ ಕೂತಿತ್ತು. ತಡೆಯಲಾರದೆ ಕೆಮ್ಮಿಬಿಟ್ಟ.

ನಲವತ್ತು ಜೋಡಿ ಕೈ ಒಂದೇ ಏಟಿಗೆ ಚಪ್ಪಾಳೆ ತಟ್ಟಿದವು.

ನಿಲ್ಲಿಸಿ ಎನ್ನಲು ಬಾಯಿ ತೆರೆದ. ಮತ್ತೆ ಕೆಮ್ಮೇ ಬಂತು.